ಹೊಸ ಕಾರ್ಡ್ ಹಾಕಿದ್ರೆ ಎರರ್ -110 ಬರ್ತಿದೆ, ಡ್ರೈವರನ್ನೇ ಬರೀಬೇಕಾ?

ಪ್ರಶ್ನೆ: ಸರ್, ನಾನು ಎಲೆಕ್ಟ್ರಾನಿಕ್ಸ್ ಫೈನಲ್ ಇಯರ್. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ, ಹಳೇ 8 ಜಿಬಿ ಎಸ್‌ಡಿ ಕಾರ್ಡ್ ಚೆನ್ನಾಗಿ ಓದತ್ತೆ, ಹೊಸ 64 ಜಿಬಿ ಯುಎಚ್‌ಎಸ್ (ಹೆಚ್ಚು ಸ್ಪೀಡಿನ) ಕಾರ್ಡ್ ಹಾಕಿದ್ರೆ ಕರ್ನಲ್ ಲಾಗ್‌ನಲ್ಲಿ ಎಂಎಂಸಿ0 (ಕಾರ್ಡ್ ರೀಡರ್‌ಗೆ ಲಿನಕ್ಸ್ ಇಟ್ಟ ಹೆಸರು) ಎರರ್ -110 ಅಂತ ಬಂದು ನಿಂತ್ಹೋಗತ್ತೆ. ಇದನ್ನೇ ಪ್ರಾಜೆಕ್ಟ್ ಮಾಡ್ಕೊಂಡು ರೀಡರ್‌ಗೆ ಪೂರ್ತಿ ಡ್ರೈವರ್ (ಅದನ್ನ ನಡೆಸೋ ಸಾಫ್ಟ್‌ವೇರ್) ಬರೀಬೇಕು ಅಂತಿದೀನಿ, ವೇರ್ ಲೆವೆಲಿಂಗೂ (ಮೆಮೊರಿ ಒಂದೇ ಕಡೆ ಸವೆಯದ ಹಾಗೆ ಬರಹ ಹಂಚೋದು) ಸೇರಿಸಿ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಪೂರ್ತಿ ಬರೆಯೋ ಅಗತ್ಯ ಇಲ್ಲ. ವೇರ್ ಲೆವೆಲಿಂಗ್ ಅಂತೂ ಈಗ್ಲೇ ಬಿಟ್ಬಿಡಿ, ಅದನ್ನ ಕಾರ್ಡ್ ಒಳಗಿರೋ ಕಂಟ್ರೋಲರೇ ನೋಡ್ಕೊಳ್ಳತ್ತೆ, ನಮಗೆ ಸಿಗೋದು 512 ಬೈಟ್ ಬ್ಲಾಕ್‌ಗಳು ಅಷ್ಟೇ. ಕಾರ್ಡನ್ನ ಎಬ್ಬಿಸೋ ಕ್ರಮ ಇದ್ಯಲ್ಲ, ಕ್ಲಾಕ್ 400 ಕಿಲೋಹರ್ಟ್ಸ್ ಒಳಗಿಟ್ಟು ಸಿಎಂಡಿ0, ಆಮೇಲೆ ಸಿಎಂಡಿ8, ಆಮೇಲೆ ಎಸಿಎಂಡಿ41 ಅನ್ನೋ ಕಮಾಂಡ್‌ಗಳು, ಅದೂ ಲಿನಕ್ಸ್‌ನ ಎಂಎಂಸಿ ಕೋರ್‌ನಲ್ಲಿ (ಎಲ್ಲಾ ರೀಡರ್‌ಗೂ ಸಾಮಾನ್ಯವಾದ ಕೋಡ್) ರೆಡಿ ಇದೆ. ನಿಮಗೆ ಉಳಿಯೋದು ಹೋಸ್ಟ್ (ಅಂದ್ರೆ ರೀಡರ್ ಚಿಪ್) ಡ್ರೈವರ್ ಮಾತ್ರ: ಕೋರ್ ಕೊಟ್ಟ ಕಮಾಂಡನ್ನ ಚಿಪ್‌ನ ರಿಜಿಸ್ಟರ್‌ಗೆ ಬರೆಯೋದು, ಇಂಟರಪ್ಟ್ ಬಂದಾಗ ರಿಸಲ್ಟ್ ವಾಪಸ್ ಕೊಡೋದು, ಹೇಳಿದಾಗ ಕ್ಲಾಕು ಪವರು ವೋಲ್ಟೇಜು ಬದಲಾಯಿಸೋದು.

ಮೊದ್ಲು ಚಿಪ್ ಯಾವ್ದು ನೋಡಿ. ಎಲ್‌ಎಸ್‌ಪಿಸಿಐ (ಲ್ಯಾಪ್‌ಟಾಪ್ ಒಳಗಿನ ಚಿಪ್‌ಗಳನ್ನ ತೋರಿಸೋ ಕಮಾಂಡ್) ಲಿಸ್ಟ್‌ನಲ್ಲಿ ಕ್ಲಾಸ್ 0805 ಅಂತಿದ್ರೆ ಸ್ಟ್ಯಾಂಡರ್ಡ್ ಎಸ್‌ಡಿಎಚ್‌ಸಿಐ, ಅಂದ್ರೆ ಎಲ್ಲಾ ಕಂಪನಿಗೂ ಒಂದೇ ನಮೂನೆಯ ಎಸ್‌ಡಿ ರೀಡರ್ ಚಿಪ್. ರಿಯಲ್‌ಟೆಕ್‌ನ ಕೆಲವು ಚಿಪ್ ಎಫ್‌ಎಫ್00 ಅಂತ ತೋರಿಸ್ತವೆ, ಅದಕ್ಕೆ ಕರ್ನಲ್‌ನಲ್ಲಿ ಬೇರೆ ಡ್ರೈವರ್ ಇದೆ.

ಈಗ ಆ -110. ಅದರರ್ಥ ಟೈಮ್‌ಔಟ್, ಅಂದ್ರೆ ಕೇಳಿದ್ದಕ್ಕೆ ಕಾರ್ಡ್ ಉತ್ತರಾನೇ ಕೊಡ್ಲಿಲ್ಲ. ಹಳೇದು ಓದಿ ಯುಎಚ್‌ಎಸ್ ಮಾತ್ರ ಕೈಕೊಡ್ತಿದೆ ಅಂದ್ರೆ ನನ್ನ ಅನುಮಾನ ಪೂರ್ತಿ 1.8 ವೋಲ್ಟ್ ಮೇಲೇನೇ. ಎಲ್ಲಾ ಕಾರ್ಡೂ ಸಿಗ್ನಲ್ 3.3 ವೋಲ್ಟ್‌ನಲ್ಲಿ ಶುರು ಮಾಡ್ತವೆ, ಯುಎಚ್‌ಎಸ್ ಸ್ಪೀಡ್ ಬೇಕು ಅಂದ್ರೆ ಸಿಎಂಡಿ11 ಕಳಿಸಿ 1.8ಕ್ಕೆ ಇಳಿಸ್ಬೇಕು, ಕಾರ್ಡ್ ಒಪ್ಕೊಂಡು ಕಮಾಂಡ್ ಲೈನ್, ಡೇಟಾ ಲೈನ್‌ಗಳನ್ನ ಕೆಳಗೆಳೆಯತ್ತೆ, ನಾವು ಕ್ಲಾಕ್ ನಿಲ್ಸಿ, ವೋಲ್ಟೇಜ್ ಬದಲಾಯಿಸಿ, ಕನಿಷ್ಠ 5 ಮಿಲಿಸೆಕೆಂಡ್ ಕಾದು (ಲಿನಕ್ಸ್ ಜೋಪಾನಕ್ಕೆ 10 ಕಾಯತ್ತೆ) ಮತ್ತೆ ಕ್ಲಾಕ್ ಕೊಡ್ಬೇಕು. ಇಲ್ಲಿ ಹೋಸ್ಟ್ ಎಡವಿದ್ರೆ ಕಾರ್ಡ್ 1.8ರಲ್ಲಿ, ನಾವು 3.3ರಲ್ಲಿ, ಮಾತುಕತೆ ಮುಗೀತು. ಕಾರ್ಡ್ 3.3ಕ್ಕೆ ವಾಪಸ್ ಬರೋಕೆ ಸಾಫ್ಟ್‌ವೇರ್ ರಿಸೆಟ್ ಸಾಲಲ್ಲ, ಪವರನ್ನೇ ತೆಗೀಬೇಕು. ಕೋರ್ ಏನೋ ಪವರ್ ಆಫ್ ಮಾಡು ಅಂತ ಹೇಳತ್ತೆ, ಆದ್ರೆ ಬೋರ್ಡ್‌ನಲ್ಲಿ ಆ ಸ್ವಿಚ್ ನಿಜವಾಗ್ಲೂ ಇಲ್ಲದಿದ್ರೆ ಅಥವಾ ಡ್ರೈವರ್ ಅದನ್ನ ಮುಟ್ಟದಿದ್ರೆ ಎಷ್ಟು ಸಲ ರಿಟ್ರೈ ಮಾಡಿದ್ರೂ ಅದೇ -110.

ಪರೀಕ್ಷೆ ಸುಲಭ. ಎಸ್‌ಡಿಎಚ್‌ಸಿಐ ಚಿಪ್ ಆಗಿದ್ರೆ ಆ ಡ್ರೈವರ್ ಮಾಡ್ಯೂಲ್‌ಗೆ ಡೀಬಗ್-ಕ್ವಿರ್ಕ್ಸ್2 ಪ್ಯಾರಾಮೀಟರ್ 4 ಅಂತ ಕೊಡಿ (ಕ್ವಿರ್ಕ್ ಅಂದ್ರೆ ಚಿಪ್‌ನ ದೋಷಕ್ಕೆ ಡ್ರೈವರ್‌ನಲ್ಲಿ ಮಾಡ್ಕೊಳ್ಳೋ ವಿನಾಯ್ತಿ), 1.8 ತಂಟೆಗೇ ಹೋಗ್ಬೇಡ ಅಂತ ಅದರರ್ಥ. ಕಾರ್ಡ್ ತೆಗೆದು ಮತ್ತೆ ಹಾಕಿದಾಗ ಓದಿದ್ರೆ ಕಳ್ಳ ಸಿಕ್ಕ ಹಾಗೇನೇ. ಸ್ಪೀಡ್ ಸೆಕೆಂಡಿಗೆ 25 ಎಂಬಿ ಒಳಗೇ ನಿಲ್ಲತ್ತೆ, ಸದ್ಯಕ್ಕೆ ಪರವಾಗಿಲ್ಲ. ಡೀಬಗ್‌ಎಫ್‌ಎಸ್‌ನಲ್ಲಿ (ಕರ್ನಲ್ ಒಳಗಿನ ಸ್ಥಿತಿ ತೋರಿಸೋ ಜಾಗ) ಎಂಎಂಸಿ0 ಫೋಲ್ಡರ್ ಒಳಗೆ ಐಒಎಸ್ ಅನ್ನೋ ಫೈಲ್ ಇರತ್ತೆ, ಕ್ಲಾಕ್ ಎಷ್ಟು, ಸಿಗ್ನಲ್ ವೋಲ್ಟೇಜ್ ಎಷ್ಟು ಎಲ್ಲಾ ಅದರಲ್ಲೇ ಕಾಣತ್ತೆ.

ಪ್ರಾಜೆಕ್ಟ್ ಇಲ್ಲಿಂದ ಶುರು ಮಾಡಿ ಅಂತ ನಾನು ಹೇಳೋದು. ಲ್ಯಾಬ್‌ನ ಸಿಆರ್‌ಒ (ಆಸಿಲೋಸ್ಕೋಪ್) ಪ್ರೋಬನ್ನ ಸಾಕೆಟ್‌ನ 4ನೇ ಪಿನ್‌ಗೆ, ಅದೇ ಕಾರ್ಡ್‌ನ ಪವರ್ ಪಿನ್, ಹಿಡಿದು ಕ್ವಿರ್ಕ್ ತೆಗೆದು ಕಾರ್ಡ್ ಹಾಕಿ. ಪವರ್ ಸೈಕಲ್ ಆಗುವಾಗ ಅದು 0.5 ವೋಲ್ಟ್‌ಗಿಂತ ಕೆಳಗೆ ಕನಿಷ್ಠ 1 ಮಿಲಿಸೆಕೆಂಡ್ ಇರ್ಬೇಕು. ಇಳೀತಾನೇ ಇಲ್ಲ ಅಂದ್ರೆ ನಿಮ್ಮ ಕೋಡ್ ಸೇರ್ಬೇಕಾದ್ದು ಪವರ್ ಆಫ್ ಫಂಕ್ಷನ್‌ಗೆ, ಬೋರ್ಡ್‌ನಲ್ಲೇ ಸ್ವಿಚ್ ಇಲ್ಲ ಅಂದ್ರೆ ಆ ಚಿಪ್‌ನ ಐಡಿಗೆ ಒಂದು ಕಾಯಂ ಕ್ವಿರ್ಕ್.