ಪಾಲಿಕೆಯ ಸಾಲಕ್ಕೆ ಯಾರು ಜಾಮೀನು ನಿಲ್ಲಬೇಕು: ಸರ್ಕಾರವೋ, ಖಾಸಗಿ ವಿಮಾ ಕಂಪನಿಯೋ?

ಬಳ್ಳಾರಿಯಂಥ ಊರಿನ ಪಾಲಿಕೆ ಬಾಂಡ್ (ಹೂಡಿಕೆದಾರರಿಗೆ ಮಾರುವ ಸಾಲಪತ್ರ) ಮೂಲಕ ಸಾಲ ಎತ್ತಿದರೆ ಅಮೆರಿಕದ ಥರ ಖಾಸಗಿ ವಿಮೆ ಮಾಡಿಸಬೇಕಾ, ಸರ್ಕಾರವೇ ಹೊಣೆ ಹೊರಬೇಕಾ ಅಂತ ಕೇಳಿದ್ದೀರಿ. ನಾನೂ ಬಳ್ಳಾರಿಯವನೇ, ಪಾಲಿಕೆ, ನಗರಸಭೆಗಳ ಲೆಕ್ಕ ನೋಡುವುದೇ ನನ್ನ ಕೆಲಸ. ನನ್ನ ಮತ ಸರ್ಕಾರಕ್ಕೆ, ಅದೂ ಅರ್ಧ ಹೊಣೆಗೆ ಮಾತ್ರ.

ಅಮೆರಿಕದಲ್ಲಿ ಈ ವಿಮೆ ಶುರುವಾಗಿದ್ದು 1971ರಲ್ಲಿ, ಆಂಬ್ಯಾಕ್ ಕಂಪನಿಯಿಂದ. ಊರು ಕೊಡದಿದ್ದರೆ ಕಂಪನಿ ಕೊಡುತ್ತದೆ. ಆ ಹೆಸರಿನಿಂದ ಬಾಂಡಿಗೆ ಒಳ್ಳೆಯ ರೇಟಿಂಗ್, ಅಂದರೆ ಸಾಲ ಎಷ್ಟು ಸುರಕ್ಷಿತ ಅನ್ನುವ ದರ್ಜೆ, ಸಿಗುತ್ತದೆ, ಬಡ್ಡಿ ಇಳಿಯುತ್ತದೆ. 50 ಕೋಟಿ ಸಾಲಕ್ಕೆ ಅರ್ಧ ಪರ್ಸೆಂಟ್ ಇಳಿದರೂ ವರ್ಷಕ್ಕೆ 25 ಲಕ್ಷ ಉಳಿತಾಯ. ಪ್ರೀಮಿಯಂ ಅದಕ್ಕಿಂತ ಕಡಿಮೆಯಿದ್ದರೆ ಲಾಭ, ಅಷ್ಟೇ. ಆದರೆ ಇಂಥ ವಿಮಾ ಕಂಪನಿಗಳು ಮನೆ ಸಾಲದ ಪತ್ರಗಳಿಗೂ ಜಾಮೀನು ನಿಂತಿದ್ದವು. 2008ರಲ್ಲಿ ಆ ಸಾಲಗಳು ಮುಳುಗಿದಾಗ ಆಂಬ್ಯಾಕ್, ಅದೇ ಥರದ ಇನ್ನೊಂದು ಕಂಪನಿ ಎಂಬಿಐಎ, ಎರಡರ ರೇಟಿಂಗೂ ಬಿತ್ತು. ಕಂತು ತಪ್ಪಿಸದ ಊರುಗಳು ಕೂಡ ಕಟ್ಟಿದ್ದ ಪ್ರೀಮಿಯಂನ ಫಲ ಕಳೆದುಕೊಂಡವು. ಅಲ್ಲಿ ಊರುಗಳು ಸಾಲ ಮುಳುಗಿಸುವುದೇ ಅಪರೂಪ ಅನ್ನುವುದು ಬೇರೆ ಮಾತು!

ನಮ್ಮಲ್ಲಿ 1997ರಲ್ಲಿ ಬೆಂಗಳೂರು ಪಾಲಿಕೆ 125 ಕೋಟಿಯ ಬಾಂಡ್ ತಂದಾಗ ರಾಜ್ಯ ಸರ್ಕಾರದ ಗ್ಯಾರಂಟಿ ಇತ್ತು. ಮರುವರ್ಷ ಅಹಮದಾಬಾದ್ ಗ್ಯಾರಂಟಿ ಇಲ್ಲದೆಯೇ 100 ಕೋಟಿ ಎತ್ತಿತು.

ಪೂರ್ತಿ ಗ್ಯಾರಂಟಿಯ ತೊಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನೀರಿನ ಬಾಕಿಗೆ ನಲ್ಲಿ ಕಟ್ ಮಾಡಲು ಹೋದ ಸಿಬ್ಬಂದಿಗೆ ವಾರ್ಡಿನ ಸದಸ್ಯರ ಫೋನ್ ಬರುತ್ತದೆ. "ಬಿಡ್ರೀ ಪಾಪ, ಮುಂದಿನ ತಿಂಗಳು ಕಟ್ತಾರೆ." ಸಾಲವನ್ನು ಹೇಗೂ ಸರ್ಕಾರ ತೀರಿಸುತ್ತದೆ ಅಂದರೆ ಆ ಫೋನಿಗೆ ಎದುರಾಡುವವರು ಯಾರು?

ಹಾಗಾಗಿ ನನಗೆ ಇಷ್ಟವಾಗುವುದು 2005ರ ಮಾದರಿ. ಬೆಂಗಳೂರಿನ ಸುತ್ತಲಿನ ಎಂಟು ಊರುಗಳನ್ನು ಒಟ್ಟುಗೂಡಿಸಿ 100 ಕೋಟಿ ಎತ್ತಲಾಯಿತು. ಅಸಲಿನ ಅರ್ಧಕ್ಕೆ ಅಮೆರಿಕದ ಸರ್ಕಾರಿ ಸಂಸ್ಥೆ ಯುಎಸ್‌ಏಡ್ ಜಾಮೀನು ನಿಂತಿತು. ಈಗ ಆ ಅರ್ಧ ಹೊಣೆಯನ್ನು ನಮ್ಮ ಸರ್ಕಾರವೇ ಹೊರಲಿ. ಕೊಪ್ಪಳ, ಗಂಗಾವತಿ, ಸಿಂಧನೂರು ಒಂದೊಂದಾಗಿ ಬಾಂಡ್ ತಂದರೆ ರೇಟಿಂಗ್, ವಕೀಲರ ಫೀಸೇ ಜಾಸ್ತಿ ಆಗುತ್ತೆ ಅಲ್ವಾ? ಒಟ್ಟಾಗಿ ಹೋದರೆ ಆ ಖರ್ಚು ಹಂಚಿಹೋಗುತ್ತದೆ.

ಇನ್ನು ಕಂತಿನ ವಿಷಯ. ಆಸ್ತಿ ತೆರಿಗೆ, ನೀರಿನ ಕರ ಮೊದಲು ಪ್ರತ್ಯೇಕ ಎಸ್ಕ್ರೋ ಖಾತೆಗೆ, ಅಂದರೆ ಪಾಲಿಕೆ ತಾನಾಗಿ ಮುಟ್ಟಲಾಗದ ಖಾತೆಗೆ, ಬರಲಿ. ಅಲ್ಲಿಂದ ಕಂತು ಕಡಿದು, ಉಳಿದದ್ದು ಪಾಲಿಕೆಗೆ. ಅದು ಸಾಲದಿದ್ದರೆ ಸರ್ಕಾರದ ಅನುದಾನದಲ್ಲಿ ಹಿಡಿಯಲಿ. ಗ್ಯಾರಂಟಿಯ ಹಣ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ.