ಕಪ್ಪು ಪದ ನಿಮ್ಮದು, ನೀಲಿ ಪದ ಕ್ಯಾಡ್‌ನದು

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಆಟೋಲಿಸ್ಪ್ ಬಗ್ಗೆಯೇ, ಅಂದರೆ ಆಟೋಕ್ಯಾಡ್ ಎನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ಗೆ ಕೋಡ್ ಬರೆಯುವ ಭಾಷೆಯ ಬಗ್ಗೆಯೇ ಇವೆ. ಕೇಳಿದವರೆಲ್ಲ ಸಿವಿಲ್ ಡ್ರಾಯಿಂಗ್ ಮಾಡುವವರು. ಅದದೇ ಗೆರೆ ಎಳೆದು ಸಾಕಾಗಿ, ಆಟೋಕ್ಯಾಡ್‌ನಲ್ಲಿ ಸ್ವಂತ ಕಮಾಂಡ್ ಬರೆಯಲು ಹೊರಟವರು. ಕೋಡ್‌ನ ಪದಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಪ್ರಶ್ನೆ: ಎಡಿಟರ್‌ನಲ್ಲಿ ಒಂದೊಂದು ಪದಕ್ಕೆ ಒಂದೊಂದು ಬಣ್ಣ ಯಾಕೆ, ಸುಮ್ನೆ ಚೆಂದಕ್ಕಾ? ಹೊಸ ಕಂಪ್ಯೂಟರ್‌ನಲ್ಲಿ ವಿಎಸ್ ಕೋಡ್ ಅನ್ನುವ ಬೇರೆ ಎಡಿಟರ್ ತೆರೆದುಕೊಳ್ಳುತ್ತದೆ, ಅಲ್ಲಿ ಎಲ್ಲಾ ಒಂದೇ ಬಣ್ಣ.

ಉತ್ತರ: ಚೆಂದಕ್ಕಲ್ಲ. ಹಳೆಯ ವಿಷುವಲ್ ಲಿಸ್ಪ್ ಎಡಿಟರ್‌ನಲ್ಲಿ ಬ್ರಾಕೆಟ್ ಕೆಂಪು, ಕ್ಯಾಡ್‌ಗೆ ಮೊದಲೇ ಗೊತ್ತಿರುವ ಫಂಕ್ಷನ್ ನೀಲಿ, ಪೂರ್ಣಾಂಕ ಹಸಿರು, ಕೋಟ್ ಒಳಗಿನ ಪಠ್ಯ ಮಜೆಂಟಾ. ಕಾಮೆಂಟೂ (ಕ್ಯಾಡ್ ಓಡಿಸದ, ನಮಗಾಗಿ ಬರೆದ ಟಿಪ್ಪಣಿ) ಮಜೆಂಟಾನೇ, ಆದರೆ ಹಿಂದೆ ಬೂದು ಬಣ್ಣ ಇರುತ್ತದೆ. ಯಾವುದೂ ಅಲ್ಲದ್ದು, ಅಂದರೆ ನೀವು ಇಟ್ಟ ಹೆಸರುಗಳು, ಕಪ್ಪು. ಹಾಗಾಗಿ ಸೆಟ್‌ಕ್ಯೂ (ಹೆಸರಿಗೆ ಬೆಲೆ ಕೊಡುವ ಫಂಕ್ಷನ್) ಅಂತ ಬರೆದದ್ದು ನೀಲಿ ಆಗದೆ ಕಪ್ಪಾಗೇ ಉಳಿದರೆ ಎಲ್ಲೋ ಒಂದು ಅಕ್ಷರ ತಪ್ಪಿದೆ ಅಂತ ಅರ್ಥ, ಕೋಡ್ ಓಡಿಸಿ ನೋಡುವುದೇ ಬೇಡ. ಒಂದು ಸಾಲಿನಿಂದ ಕೆಳಗೆ ಎಲ್ಲವೂ ಮಜೆಂಟಾ ಆಗಿದ್ದರೆ ಮೇಲೆಲ್ಲೋ ಕೋಟ್ ಮುಚ್ಚಿಲ್ಲ.

ವಿಎಸ್ ಕೋಡ್‌ನಲ್ಲಿ ಮೊದಲು ಆಟೋಡೆಸ್ಕ್‌ನವರದೇ ಆಟೋಲಿಸ್ಪ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ಅದಕ್ಕೆ ದುಡ್ಡಿಲ್ಲ. ಆಮೇಲೆ ಫೈಲನ್ನು ಎಲ್‌ಎಸ್‌ಪಿ ಅಂತ ಕೊನೆಯಾಗುವ ಹೆಸರಿನಲ್ಲಿ ಸೇವ್ ಮಾಡಿ. ಸೇವ್ ಮಾಡದ ಹೊಸ ಫೈಲ್ ಅದರ ಕಣ್ಣಿಗೆ ಬರೀ ಟೆಕ್ಸ್ಟ್, ಬಣ್ಣ ಬರುವುದಿಲ್ಲ. ಇನ್ನೂ ಬರದಿದ್ದರೆ ಕೆಳಗೆ ಬಲಮೂಲೆಯಲ್ಲಿ ಭಾಷೆಯ ಹೆಸರು ಇರುತ್ತದಲ್ಲಾ, ಅದನ್ನು ಒತ್ತಿ ಆಟೋಲಿಸ್ಪ್ ಆರಿಸಿ. ಹಳೇ ಎಡಿಟರೇ ಬೇಕು ಅಂದರೆ, ವಿಂಡೋಸ್‌ನಲ್ಲಿ ಲಿಸ್ಪ್‌ಸಿಸ್ (ಯಾವ ಎಡಿಟರ್ ತೆರೆಯಬೇಕು ಅಂತ ಹೇಳುವ ಆಟೋಕ್ಯಾಡ್ ಸೆಟ್ಟಿಂಗ್) ಅನ್ನು 0 ಮಾಡಿ ಆಟೋಕ್ಯಾಡ್ ಮುಚ್ಚಿ ತೆರೆಯಿರಿ. 2021ರ ಆವೃತ್ತಿಯಿಂದ ಈ ಆಯ್ಕೆ ಇದೆ.

ಪ್ರಶ್ನೆ: ಕಮಾಂಡ್ ಸಾಲಿನಲ್ಲಿ ((_> ಅಂತ ಬಂದು ನಿಂತುಬಿಡುತ್ತದೆ. ಕ್ಯಾಡ್ ಹ್ಯಾಂಗ್ ಆಯ್ತಾ?

ಉತ್ತರ: ಇಲ್ಲ, ನಿಮಗಾಗಿ ಕಾಯ್ತಾ ಇದೆ. ಎಷ್ಟು ಬ್ರಾಕೆಟ್ ಮುಚ್ಚುವುದು ಬಾಕಿಯೋ ಅಷ್ಟು ತೋರಿಸುತ್ತದೆ. ಎರಡು ಮುಚ್ಚಿ, ಇಲ್ಲವೇ ಎಸ್ಕೇಪ್ ಒತ್ತಿ. ಫೈಲ್ ಲೋಡ್ ಮಾಡುವಾಗ ಇದೇ ತಪ್ಪಿದ್ದರೆ ‘ಮ್ಯಾಲ್‌ಫಾರ್ಮ್ಡ್ ಲಿಸ್ಟ್ ಆನ್ ಇನ್‌ಪುಟ್’ ಅಂತ ಬೈಯುತ್ತದೆ. ಹಳೇ ಎಡಿಟರ್‌ನಲ್ಲಿ ಬ್ರಾಕೆಟ್ ಪಕ್ಕ ಡಬಲ್ ಕ್ಲಿಕ್ ಮಾಡಿದರೆ ಅದರ ಜೋಡಿಯವರೆಗೆ ಆಯ್ಕೆ ಆಗುತ್ತದೆ. ಡಿಫನ್ (ನಿಮ್ಮ ಕಮಾಂಡ್ ಶುರುವಾಗುವ ಪದ) ಹಿಂದಿನ ಬ್ರಾಕೆಟ್‌ನಿಂದ ಶುರುಮಾಡಿ ನೋಡಿ.

ಪ್ರಶ್ನೆ: ಬಣ್ಣ ಎಲ್ಲಾ ಸರಿಯಾಗೇ ಇದೆ. ಆದರೂ ‘ಬ್ಯಾಡ್ ಆರ್ಗ್ಯುಮೆಂಟ್ ಟೈಪ್: ನಂಬರ್‌ಪಿ: ನಿಲ್’ ಅಂತ ಬರುತ್ತದೆ.

ಉತ್ತರ: ಇಲ್ಲಿ ಬಣ್ಣದ ಕೈಯಲ್ಲಿ ಏನೂ ಆಗುವುದಿಲ್ಲ. ಮೇಲೆ (ಸೆಟ್‌ಕ್ಯೂ ಉದ್ದ 10) ಅಂತ ಬರೆದು ಕೆಳಗೆ (* ಉದ 5) ಅಂದಿರಿ ಅಂತಿಟ್ಟುಕೊಳ್ಳಿ. ಎರಡೂ ಕಪ್ಪೇ. ಉದ ಅನ್ನುವ ಹೆಸರೇ ಇಲ್ಲವಲ್ಲ ಅಂತ ಆಟೋಲಿಸ್ಪ್ ಕೇಳುವುದಿಲ್ಲ, ಬೆಲೆ ಕೊಡದ ಹೆಸರಿಗೆಲ್ಲ ತಾನೇ ನಿಲ್ (ಏನೂ ಇಲ್ಲ) ಅಂದುಕೊಂಡು ಮುಂದೆ ಹೋಗುತ್ತದೆ, ಆಮೇಲೆ ನಿಲ್‌ನ್ನು 5ರಿಂದ ಗುಣಿಸಲು ಹೋಗಿ ಬೀಳುತ್ತದೆ. ನಿಲ್ ಅಂತ ಕಂಡಾಗಲೆಲ್ಲ ಮೊದಲು ಹೆಸರುಗಳ ಸ್ಪೆಲಿಂಗ್ ನೋಡಿ.

ಇದಕ್ಕಿಂತ ಕೆಟ್ಟದ್ದು ಉಲ್ಟಾ ಕೇಸು. ನೀವಿಟ್ಟ ಹೆಸರು ನೀಲಿ ಆದರೆ ಕೈ ನಿಲ್ಲಿಸಿ. ಆ್ಯಂಗಲ್, ಡಿಸ್ಟೆನ್ಸ್, ಲೆಂಗ್ತ್ ಇವೆಲ್ಲ ನಮಗೆ ತಟ್ಟನೆ ಹೊಳೆಯುವ ಹೆಸರುಗಳು, ಆದರೆ ಮೂರೂ ಕ್ಯಾಡ್‌ನ ಫಂಕ್ಷನ್‌ಗಳು. (ಸೆಟ್‌ಕ್ಯೂ ಆ್ಯಂಗಲ್ 45) ಅಂದಿರೋ, ಆ ಡ್ರಾಯಿಂಗ್‌ನಲ್ಲಿ ಆ್ಯಂಗಲ್ ಫಂಕ್ಷನ್ ಹೋಯ್ತು. ನಿಮ್ಮ ಕಮಾಂಡ್ ಚೆನ್ನಾಗೇ ಓಡುತ್ತದೆ, ಪಕ್ಕದವರು ಬರೆದ ಕಮಾಂಡ್ ‘ಬ್ಯಾಡ್ ಫಂಕ್ಷನ್: 45’ ಅಂತ ಸಾಯುತ್ತದೆ! ನಾನೂ ಒಮ್ಮೆ ಲೆಂಗ್ತ್ ಅಂತ ಹೆಸರಿಟ್ಟು, ಅರ್ಧ ದಿನ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕಿದ್ದೇನೆ. ಹೆಸರಿಗೆ ಮುಂದೆ ಒಂದು ಅಕ್ಷರ ಸೇರಿಸಿದರೆ ಸಾಕು. ಜೊತೆಗೆ ಡಿಫನ್‌ನ ಬ್ರಾಕೆಟ್‌ನಲ್ಲಿ ಓರೆಗೆರೆ ಹಾಕಿ, ಜಾಗ ಬಿಟ್ಟು, ನಿಮ್ಮ ಹೆಸರುಗಳನ್ನೆಲ್ಲ ಬರೆಯಿರಿ: ( / ಉದ್ದ ಅಗಲ ). ಆಗ ಕಮಾಂಡ್ ಮುಗಿದ ಮೇಲೆ ಅವು ಹೊರಗೆ ಉಳಿಯುವುದಿಲ್ಲ.

ಪ್ರಶ್ನೆ: ಶೀಟ್ ಚಾವಣಿಗೆ 30 ಡಿಗ್ರಿ ಇಳಿಜಾರು ಬೇಕು. ಕೋನ, ದೂರ ಕೊಟ್ಟರೆ ಬಿಂದು ಹೇಳುವ ಪೋಲಾರ್ ಫಂಕ್ಷನ್‌ಗೆ 30 ಕೊಟ್ಟರೆ ಗೆರೆ ಹೆಚ್ಚುಕಡಿಮೆ ನೆಟ್ಟಗೆ ಕೆಳಗೆ ಹೋಗುತ್ತದೆ. (* ಪೈ (/ 30 180)) ಕೊಟ್ಟರೆ ಅಡ್ಡ ಮಲಗುತ್ತದೆ.

ಉತ್ತರ: ಎರಡೂ ಸಲ ನೀವು ಹೇಳಿದ್ದನ್ನೇ ಮಾಡಿದೆ ಪಾಪ. ಪೋಲಾರ್, ಸೈನ್, ಕಾಸ್ ಎಲ್ಲಕ್ಕೂ ಕೋನ ರೇಡಿಯನ್‌ನಲ್ಲಿ ಬೇಕು. 30 ರೇಡಿಯನ್ ಅಂದರೆ ನಾಲ್ಕು ಸುತ್ತು ಪೂರ್ತಿ ಸುತ್ತಿ ಸುಮಾರು 279 ಡಿಗ್ರಿಗೆ ಬಂದು ನಿಲ್ಲುತ್ತದೆ, ಅದಕ್ಕೇ ಕೆಳಗೆ ಹೋಗಿದ್ದು. ಎರಡನೇ ಸಲ ರೇಡಿಯನ್ ಮಾಡಿದ್ದು ಸರಿ, ಭಾಗಾಕಾರ ಕೈಕೊಟ್ಟಿತು. ಎರಡೂ ಕಡೆ ಪೂರ್ಣಾಂಕ ಇದ್ದರೆ ಆಟೋಲಿಸ್ಪ್ ದಶಾಂಶವನ್ನು ಕತ್ತರಿಸಿ ಎಸೆಯುತ್ತದೆ. (/ 5 2) ಅಂದರೆ 2, (/ 30 180) ಅಂದರೆ 0. ಸೊನ್ನೆ ಕೋನಕ್ಕೆ ಗೆರೆ ಮಲಗದೆ ಇನ್ನೇನು ಮಾಡೀತು? 180.0 ಅಂತ ಬರೆಯಿರಿ, ಸರಿಹೋಗುತ್ತದೆ. ಇದನ್ನೂ ಎಡಿಟರ್ ಮೊದಲೇ ತೋರಿಸಿತ್ತು: 180 ಹಸಿರು, 180.0 ಮಾತ್ರ ನೀಲಿ ಬೆರೆತ ಹಸಿರು. ಆದರೆ ಆ ಎರಡು ಬಣ್ಣ ಎಷ್ಟು ಹತ್ತಿರ ಅಂದರೆ, ಸಂಜೆ ಆರರ ಮೇಲೆ ನನ್ನ ಕಣ್ಣಿಗಂತೂ ವ್ಯತ್ಯಾಸ ತಿಳಿಯುವುದಿಲ್ಲ.

ಪ್ರಶ್ನೆ: ಕಾಮೆಂಟ್ ಕನ್ನಡದಲ್ಲಿ ಬರೆಯಬಹುದಾ? ನನಗೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ.

ಉತ್ತರ: ಹಳೇ ಎಡಿಟರ್‌ಗೆ ಯೂನಿಕೋಡ್ ಬಾರದು, ಅದಕ್ಕೇ ಹಾಗೆ. ಲಿಸ್ಪ್‌ಸಿಸ್ 1 ಇಟ್ಟು ವಿಎಸ್ ಕೋಡ್‌ನಲ್ಲಿ ಬರೆಯಿರಿ, ಸೆಮಿಕೋಲನ್ ಹಾಕಿ ಧಾರಾಳವಾಗಿ ಕನ್ನಡ. ಪ್ರಶ್ನಾರ್ಥಕ ಆಗಿಹೋದ ಹಳೆಯ ಕಾಮೆಂಟ್‌ಗಳು ಮಾತ್ರ ವಾಪಸ್ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು.