ಪ್ಯಾಲಡಿನ್ ಶರಣಾದವನನ್ನು ಕೊಂದರೆ ಶಕ್ತಿ ಕಳೆದುಕೊಳ್ಳಬೇಕೇ?

ಆಟಗಾರರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ, ಶರಣಾದ ಗಾಬ್ಲಿನ್ (ಕುಳ್ಳ ರಾಕ್ಷಸ) ಒಬ್ಬನನ್ನು ನಿಮ್ಮ ಪ್ಯಾಲಡಿನ್ (ದೈವೀ ಶಕ್ತಿಯ ಧರ್ಮಯೋಧ) ಕೊಂದನೆಂಬ ಕಾರಣಕ್ಕೆ ಆಟ ನಡೆಸುವವರು ಅವನ ಶಕ್ತಿಗಳನ್ನೆಲ್ಲ ಕಿತ್ತುಕೊಂಡದ್ದು ಸರಿಯೇ ಎಂದು ಕೇಳಿದ್ದೀರಿ. ನೀವು ಆಡುತ್ತಿರುವ ಆವೃತ್ತಿ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ.

1974ರಲ್ಲಿ ಈ ಆಟ ಪ್ರಕಟವಾದಾಗ ಪಾತ್ರಗಳಿಗಿದ್ದದ್ದು ಕ್ರಮ, ತಟಸ್ಥತೆ, ಅವ್ಯವಸ್ಥೆ ಎಂಬ ಮೂರೇ ನೈತಿಕ ನಿಲುವುಗಳು. 1978ರ ಆಟಗಾರರ ಕೈಪಿಡಿಯಲ್ಲಿ ಒಳಿತು ಕೆಡುಕುಗಳೂ ಸೇರಿ ಅವು ಒಂಬತ್ತಾದವು. ಗೊತ್ತಿದ್ದೂ ತಾನಾಗಿಯೇ ದುಷ್ಕೃತ್ಯ ಎಸಗಿದ ಪ್ಯಾಲಡಿನ್ ತನ್ನ ಪದವಿಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಾನೆಂದು ಆ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. 2014ರ ಐದನೇ ಆವೃತ್ತಿಯಲ್ಲಾದರೋ ಅವನನ್ನು ಬಿಗಿಯುವುದು ಅವನೇ ಕೈಗೊಂಡ ಪ್ರತಿಜ್ಞೆ: ಭಕ್ತಿಯ ಪ್ರತಿಜ್ಞೆ ಶತ್ರುವಿಗೂ ಕರುಣೆ ತೋರು ಎನ್ನುತ್ತದೆ, ಪ್ರತೀಕಾರದ ಪ್ರತಿಜ್ಞೆಯಾದರೆ ಸಾಮಾನ್ಯ ಎದುರಾಳಿಗೆ ಕರುಣೆ ಸಿಕ್ಕೀತು, ಬದ್ಧವೈರಿಗೆ ಇಲ್ಲ. ಆದ್ದರಿಂದ ಒಂದೇ ಕೊಲೆ ಒಬ್ಬ ಪ್ಯಾಲಡಿನ್‌ಗೆ ಪ್ರತಿಜ್ಞಾಭಂಗ, ಇನ್ನೊಬ್ಬನಿಗೆ ಕರ್ತವ್ಯ.

ತುಮಕೂರಿನ ನಮ್ಮ ಮನೆಯ ಮಹಡಿಯಲ್ಲಿ ಇದೇ ವಾದ ಎದ್ದಾಗ, ಕ್ಯಾತ್ಸಂದ್ರದಿಂದ ತಂದ ತಟ್ಟೆ ಇಡ್ಲಿ ಮುಟ್ಟುವವರಿಲ್ಲದೆ ಆರಿಹೋಯಿತು, ಇಪ್ಪತ್ತು ಮುಖದ ದಾಳವನ್ನು ಮುಷ್ಟಿಯಲ್ಲೇ ಹಿಡಿದು ಕೂತಿದ್ದ ಗೆಳೆಯ, "ಇದು ತಪ್ಪೆಂದು ಮೊದಲೇ ಹೇಳಬಾರದಿತ್ತೇ?" ಎಂದು ನೊಂದು ಕೇಳಿದ. ಅವನ ಮಾತು ನ್ಯಾಯವಾಗಿತ್ತು. ಆಟಗಾರನಿಗೆ ತಿಳಿಯದಿದ್ದರೂ ಅವನ ಪಾತ್ರಕ್ಕೆ ತನ್ನ ಧರ್ಮ ತಿಳಿದಿರುತ್ತದೆ; ಹಾಗಾಗಿ ಕತ್ತಿ ಬೀಸುವ ಮೊದಲೇ ಎಚ್ಚರಿಸುವುದು ಆಟ ನಡೆಸುವವರ ಹೊಣೆ ಎಂದು ನಾನು ದೃಢವಾಗಿ ನಂಬುತ್ತೇನೆ. ನಿಮಗೆ ಆ ಎಚ್ಚರಿಕೆ ಸಿಕ್ಕಿರದಿದ್ದರೆ, ನಿಮ್ಮ ಪ್ರತಿಜ್ಞೆಯ ಸಾಲುಗಳನ್ನು ಅವರ ಮುಂದಿಟ್ಟು, ಶಕ್ತಿ ಮರಳಿ ಪಡೆಯಲು ಪ್ರಾಯಶ್ಚಿತ್ತದ ದಾರಿಯೊಂದನ್ನು ಕಥೆಯೊಳಗೇ ಕೇಳಿ.